ಹೇಳುವವರು ಕೇಳುವವರು ಇಲ್ಲದ ಕಡೆ

'ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ' ಎಂಬ ಮಾತನ್ನು ನಾವು ಯಾವಾಗಲೂ ಬೈಗುಳವಾಗಿಯೇ ಆಡುತ್ತೇವೆ. ಹಿರಿಯರು ಊರಿಗೆ ಹೋದ ದಿನ ಮಕ್ಕಳು ಮನೆಯನ್ನು ಸಂತೆಪೇಟೆ ಮಾಡಿದರೆ ಈ ಮಾತು. ಸಾಹೇಬರು ರಜೆಯಲ್ಲಿದ್ದಾಗ ಹನ್ನೊಂದು ಗಂಟೆಯಾದರೂ ಕಚೇರಿಯ ಕುರ್ಚಿಗಳು ತುಂಬದಿದ್ದರೆ ಈ ಮಾತು. ಪರೀಕ್ಷೆಯ ಕೊಠಡಿಯಿಂದ ಎರಡು ನಿಮಿಷ ಹೊರಗೆ ಹೋಗಿ ಬರುವ ನನ್ನಂಥ ಅಧ್ಯಾಪಕನ ಮನಸ್ಸಿನ ಅಳುಕಿನ ಹಿಂದೆಯೂ ಇದೇ ಮಾತು. ಇದರ ಒಳಗೆ ಒಂದು ನಂಬಿಕೆ ಅಡಗಿ ಕುಳಿತಿದೆ: ಮೇಲೆ ಒಂದು ಕಣ್ಣಿರುವ ತನಕ ಮನುಷ್ಯ ದುಡಿಯುತ್ತಾನೆ, ಕಣ್ಣು ಅತ್ತ ಹೊರಳಿತೋ, ಕೈ ಇತ್ತ ನಿಲ್ಲುತ್ತದೆ.

ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಇದು ತರ್ಕದಿಂದ ತೀರುವ ಪ್ರಶ್ನೆಯಲ್ಲ. ಚರಿತ್ರೆಯನ್ನೇ ಸಾಕ್ಷಿಗೆ ಕರೆಯಬೇಕು. ಸ್ವಾತಂತ್ರ್ಯ ಬಂದ ಮೊದಲ ಕಾಲು ಶತಮಾನದೊಳಗೆ ನಮ್ಮ ದೇಶದಲ್ಲಿಯೇ ಮೂರು ಕಡೆ, ಮೂರು ಬೇರೆ ಬೇರೆ ಕಾರಣಗಳಿಂದ, ಕೆಲಸದ ಮೇಲಿನ ಯಜಮಾನನ ಕಣ್ಣು ತೆಗೆದದ್ದುಂಟು. ಒಂದು ಅಹಮದಾಬಾದಿನ ನೇಯ್ಗೆಯ ಗಿರಣಿ. ಇನ್ನೊಂದು ನಮ್ಮ ಬೆಂಗಳೂರಿನಲ್ಲಿ ಸಂಘ ಕಟ್ಟಿದ ಕಾಫಿ ಹೌಸು. ಮತ್ತೊಂದು ಕಣ್ಣೂರಿನ ಬೀಡಿ ಕಟ್ಟುವವರ ಸಹಕಾರ ಸಂಘ. ಅಲ್ಲೆಲ್ಲ ಕೈಗಳು ನಿಂತವೇ, ನಡೆದವೇ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಅದಕ್ಕೆ ಮೊದಲು ಆ 'ಕಣ್ಣಿ'ನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕಿನ ಹತ್ತಿ ಗಿರಣಿಗಳ ಆಡಳಿತ ವಹಿಸಿಕೊಂಡ ರಾಬರ್ಟ್ ಓವೆನ್ ದಯಾಳುವಾದ ಮನುಷ್ಯ. ಕೂಲಿಗಾರರ ಮಕ್ಕಳಿಗೆ ಶಾಲೆ ತೆರೆದವನು, ಹೊಡೆತ ಬಡಿತಗಳನ್ನು ಒಪ್ಪದವನು. ಹಾಗಾದರೆ ಸೋಮಾರಿಯನ್ನು ಎಬ್ಬಿಸುವುದು ಹೇಗೆ? ಅವನು ಪ್ರತಿಯೊಬ್ಬ ಕೆಲಸಗಾರನ ಪಕ್ಕದಲ್ಲೂ ನಾಲ್ಕು ಮುಖದ ಒಂದು ಸಣ್ಣ ಮರದ ತುಂಡನ್ನು ತೂಗುಹಾಕಿಸಿದ. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ: ಕೆಟ್ಟ ಕೆಲಸಕ್ಕೆ ಕಪ್ಪು, ಸಾಧಾರಣಕ್ಕೆ ನೀಲಿ, ಒಳ್ಳೆಯದಕ್ಕೆ ಹಳದಿ, ಅತ್ಯುತ್ತಮಕ್ಕೆ ಬಿಳುಪು. ಹಿಂದಿನ ದಿನದ ನಡತೆಗೆ ತಕ್ಕ ಬಣ್ಣ ಮರುದಿನ ಎದುರಿಗೆ ಕಾಣಬೇಕು. ಓವೆನ್ ಒಂದು ಮಾತೂ ಆಡದೆ ಸಾಲುಗಳ ನಡುವೆ ಹಾದು ಹೋಗುತ್ತಿದ್ದ. ಅದಕ್ಕೇ ಅದಕ್ಕೆ ಮೌನಿ ಮೇಲ್ವಿಚಾರಕ ಎಂಬ ಹೆಸರು ಬಂತು.

ಒಂದು ಶತಮಾನ ಕಳೆಯಿತು. ಮರದ ತುಂಡಿನ ಜಾಗಕ್ಕೆ ಗಡಿಯಾರ ಬಂತು. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಒಬ್ಬ ಕೂಲಿಯ ಕಥೆಯನ್ನು ಹೇಳುತ್ತಾನೆ. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನು, 'ಎತ್ತು' ಎಂದಾಗ ಎತ್ತಿ 'ಕೂರು' ಎಂದಾಗ ಕೂತು, ನಲವತ್ತೇಳೂವರೆ ಟನ್ ಹೊತ್ತನಂತೆ. ಕೂಲಿಯೂ ಹೆಚ್ಚಿತು, ಆದರೆ ಹೊರೆ ಹೆಚ್ಚಿದಷ್ಟಲ್ಲ. ಟೇಲರನ ಸಿದ್ಧಾಂತದ ತಿರುಳು ಇಷ್ಟೆ: ಯೋಚಿಸುವವನು ಬೇರೆ, ಮಾಡುವವನು ಬೇರೆ. ಓವೆನ್ ಕೂಲಿಯ ನಾಚಿಕೆಯನ್ನು ನೆಚ್ಚಿದ. ಟೇಲರ್ ಅವನ ಹಣದಾಸೆಯನ್ನು ನೆಚ್ಚಿದ. ಕೂಲಿಯ ಬುದ್ಧಿಯನ್ನು ಇಬ್ಬರೂ ನೆಚ್ಚಲಿಲ್ಲ.

ಈಗ ಅಹಮದಾಬಾದಿಗೆ ಬರೋಣ. ಅಲ್ಲಿನ ಕ್ಯಾಲಿಕೊ ಗಿರಣಿಯಲ್ಲಿ, ಗೌತಮ ಸಾರಾಭಾಯಿಯವರ ಆಡಳಿತದ ಕಾಲದಲ್ಲಿ, ಹೊಸದಾಗಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರು. ಯಂತ್ರವೇನೋ ಬಂತು, ಆದರೆ ಎಣಿಸಿದಷ್ಟು ಬಟ್ಟೆ ಬರಲಿಲ್ಲ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬ ವಿದ್ವಾಂಸರು ಬಂದು ಆ ಮಗ್ಗದ ಮನೆಯನ್ನು ಪರೀಕ್ಷಿಸಿದರು. 224 ಮಗ್ಗಗಳು, 29 ಜನ ಕೆಲಸಗಾರರು, ಅವರಲ್ಲಿ 12 ಬಗೆಯ ಕೆಲಸ. ನೇಯುವವನು ಒಬ್ಬ, ಲಾಳಿಗೆ ನೂಲು ಒದಗಿಸುವವನು ಇನ್ನೊಬ್ಬ, ಮಗ್ಗ ಸರಿಪಡಿಸುವವನು ಮತ್ತೊಬ್ಬ, ಎಣ್ಣೆ ಹಾಕುವವನು, ಗುಡಿಸುವವನು - ಹೀಗೆ. ಒಬ್ಬೊಬ್ಬನ ಪಾಲಿಗೆ ಬಂದ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಬಟ್ಟೆ ಕೆಟ್ಟರೆ ಅದು ಯಾರ ತಪ್ಪು? ಎಲ್ಲರದೂ ಹೌದು, ಯಾರದೂ ಅಲ್ಲ. ಹೀಗಾಗಿ ಮೇಲ್ವಿಚಾರಕನಾದವನು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಂದಿಲ್ಲಿಗೆ ಓಡಬೇಕು.

ರೈಸ್ ಸೂಚಿಸಿದ ಮಾರ್ಪಾಡು ಸರಳವಾದದ್ದು. ಮಗ್ಗಗಳ ಒಂದು ತಂಡವನ್ನು ಜನರ ಒಂದು ಚಿಕ್ಕ ತಂಡಕ್ಕೆ ಒಪ್ಪಿಸಿಬಿಡುವುದು. ಒಳಗಿನ ಕೆಲಸವನ್ನು ಅವರೇ ಹಂಚಿಕೊಳ್ಳಲಿ, ಬಟ್ಟೆಗೆ ಅವರೇ ಹೊಣೆಯಾಗಲಿ. ಸೂಚನೆ ಕಿವಿಗೆ ಬಿದ್ದದ್ದೇ ತಡ, ಕೆಲಸಗಾರರು ಅದನ್ನು ತಮ್ಮದಾಗಿ ಮಾಡಿಕೊಂಡರು. ಯಾರ ಜೊತೆ ಯಾರು ಎಂಬುದನ್ನು ತಾವೇ ಗೊತ್ತುಮಾಡಿ ತಂಡಗಳನ್ನು ಕಟ್ಟಿದರು. ದಿನ ಕಳೆದಂತೆ ಉತ್ಪತ್ತಿ ಏರಿತು, ಕೆಟ್ಟ ಬಟ್ಟೆಯ ಪ್ರಮಾಣ ಇಳಿಯಿತು. ರೈಸ್ 1958ರಲ್ಲಿ ಇದನ್ನು ಗ್ರಂಥವಾಗಿ ಬರೆದರು. ಅಹಮದಾಬಾದಿನ ಪ್ರಯೋಗವೆಂದು ಅದು ಹೊರದೇಶಗಳಲ್ಲಿಯೂ ಹೆಸರಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿಕಥೆಯಾಗುತ್ತಿತ್ತು. ಅದೇ ಸಂಸ್ಥೆಯ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದರು. ಒಂದು ಕಡೆ ಆ ತಂಡಗಳ ಪದ್ಧತಿ ಹೆಚ್ಚು ಕಡಿಮೆ ಹಾಗೆಯೇ ಉಳಿದಿತ್ತು, ಕೆಲಸವೂ ಮೊದಲಿನಂತೆಯೇ ನಡೆದಿತ್ತು. ಉಳಿದ ಕಡೆಗಳಲ್ಲಿ ಹಳೆಯ ಪದ್ಧತಿ ಸದ್ದಿಲ್ಲದೆ ಮರಳಿತ್ತು. ಹದಿನೇಳು ವರ್ಷ ಹುರುಪಿನಿಂದ ದುಡಿದ ಒಂದು ತಂಡವೇ ಸಾಕು, ಮನುಷ್ಯ ಮೇಲಿನ ಕಣ್ಣಿಲ್ಲದೆಯೂ ದುಡಿಯಬಲ್ಲ ಎಂಬುದಕ್ಕೆ. ಆದರೆ ಉಳಿದವರ ಗತಿ ನಮಗೆ ಇನ್ನೊಂದು ಪಾಠವನ್ನು ಹೇಳುತ್ತದೆ ಎಂದು ನನಗೆ ತೋರುತ್ತದೆ. ಆ ಸ್ವಾತಂತ್ರ್ಯವನ್ನು ಮಾಲೀಕರು ಕೊಟ್ಟಿದ್ದರು. ಕೊಟ್ಟ ಕೈಗೆ ಹಿಂದಕ್ಕೆ ತೆಗೆದುಕೊಳ್ಳುವ ಬಲವೂ ಇತ್ತು. ಅದು ಜಾರಿ ಹೋಗುವಾಗ 'ಇದು ನಮ್ಮದು' ಎಂದು ಅಡ್ಡ ನಿಲ್ಲಲು ನೇಕಾರನ ಕೈಯಲ್ಲಿ ಏನೂ ಇರಲಿಲ್ಲ. ಇಂದು ಆ ಗಿರಣಿಯೇ ಇಲ್ಲ.

ಕೊಟ್ಟದ್ದಲ್ಲದೆ ಪಡೆದದ್ದು ಹೇಗಿರುತ್ತದೆ ಎಂಬುದನ್ನು ನೋಡಲು ಕಾಫಿ ಹೌಸಿಗೆ ಹೋಗಬೇಕು. ಇದು ನಮ್ಮ ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ ಸಂಬಂಧಪಟ್ಟ ಕಥೆಯೂ ಹೌದು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿಯ ಬೆಲೆ ನೆಲ ಕಚ್ಚಿತು. ನಮ್ಮ ಬೀಜವನ್ನು ನಮ್ಮ ಜನರೇ ಕುಡಿಯುವಂತೆ ಮಾಡಬೇಕೆಂದು ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯಲ್ಲಿ ಕಾಫಿ ಹೌಸು ತೆರೆಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಯಾದ ಕಾಫಿ ಮಂಡಳಿ ಅದನ್ನು ಊರೂರಿಗೆ ಹಬ್ಬಿಸಿತು. ಬಿಳಿಯ ಸಮವಸ್ತ್ರ, ಬೀಸಣಿಗೆಯಂತೆ ಅರಳಿದ ತುರಾಯಿಯ ರುಮಾಲು, ನಡುವಿಗೆ ಪಟ್ಟಿ - ಅಲ್ಲಿನ ಬೇರರನ್ನು ನೋಡಿದರೆ ಅರಮನೆಯ ದ್ವಾರಪಾಲಕನ ನೆನಪಾಗಬೇಕು. ವೇಷ ದೊರೆಯದು, ಬಾಳು ಮಾತ್ರ ಕೂಲಿಯದು.

ಐವತ್ತರ ದಶಕದ ನಡುವೆ ಮಂಡಳಿ ಈ ಮನೆಗಳನ್ನು ಮುಚ್ಚಲು ಹೊರಟಿತು. ಕೆಲಸ ಹೋಗುವುದು ಖಂಡಿತವಾದಾಗ ನೌಕರರ ಪರವಾಗಿ ನಿಂತವರು ಮಲಬಾರಿನ ಕಮ್ಯೂನಿಸ್ಟ್ ಮುಖಂಡರೂ ಲೋಕಸಭೆಯ ಸದಸ್ಯರೂ ಆಗಿದ್ದ ಎ. ಕೆ. ಗೋಪಾಲನ್. ಮುಚ್ಚಬೇಡಿ ಎಂದು ಕೇಳುವುದರಲ್ಲಿಯೇ ನಿಲ್ಲದೆ, ನಾವೇ ನಡೆಸುತ್ತೇವೆ ಎಂದು ಕೇಳುವ ಧೈರ್ಯ ಆಗ ಹುಟ್ಟಿತು. 1957ರ ಆಗಸ್ಟ್ 19ರಂದು ಕಾಫಿ ನೌಕರರ ಮೊದಲ ಸಹಕಾರ ಸಂಘ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅಕ್ಟೋಬರ್ 27ರಂದು ದೆಹಲಿಯಲ್ಲಿ ನೌಕರರದೇ ಆದ ಕಾಫಿ ಹೌಸು ತೆರೆಯಿತು. 1958ರ ಮಾರ್ಚ್ 8ರಂದು ತೃಶ್ಶೂರಿನಲ್ಲಿ. ಸಹಕಾರವೆಂಬುದು ಕನ್ನಡಿಗರಿಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. ಆದರೆ ಅಲ್ಲಿ ಕೂಡಿಸಿದ್ದು ಹಣವನ್ನು. ಇಲ್ಲಿ ಕೂಡಿಸಿದ್ದು ದುಡಿಮೆಯನ್ನು.

ಮ್ಯಾನೇಜರು ಎಂಬ ಕುರ್ಚಿ ಈ ಮನೆಗಳಲ್ಲಿ ಇರಲಿಲ್ಲವೆಂದಲ್ಲ. ಗಲ್ಲಾದ ಹಿಂದೆ ಯಾರಾದರೂ ಕೂರಲೇಬೇಕಲ್ಲ! ಆದರೆ ಆಡಳಿತ ಸಮಿತಿಯನ್ನು ನೌಕರರೇ ತಮ್ಮೊಳಗಿನಿಂದ ಚುನಾಯಿಸುತ್ತಾರೆ. ಕೇರಳದ ಕಾಫಿ ಹೌಸುಗಳಲ್ಲಂತೂ ಲೋಟ ತೊಳೆಯುವ ಕೆಲಸಕ್ಕೆ ಸೇರಿದವನು ಬಡಿಸುವವನಾಗಿ, ಅಡಿಗೆಯವನಾಗಿ, ಕೊನೆಗೆ ಮ್ಯಾನೇಜರಾಗುವುದು ವಾಡಿಕೆ. ಆ ಕುರ್ಚಿಯಲ್ಲಿ ಕೂತವನಿಗೆ ಹಬೆಯಾಡುವ ಅಡಿಗೆಮನೆ ಎಂದರೇನೆಂದು ಗೊತ್ತು. ಅಡಿಗೆಮನೆಯಲ್ಲಿರುವವನಿಗೆ ಆ ಕುರ್ಚಿ ಎಷ್ಟು ದೂರವೆಂದು ಗೊತ್ತು. ದುಡಿಯುವ ಹುರುಪಿಗೆ ಇದಕ್ಕಿಂತ ದೊಡ್ಡ ಔಷಧ ಬೇರೆ ಇದೆಯೆ? ತೃಶ್ಶೂರಿನ ಸಂಘ ಕಟ್ಟಿದವರಲ್ಲಿ ಒಬ್ಬರಾದ ಪರಮೇಶ್ವರನ್ ಪಿಳ್ಳೆಯವರು 'ಕಾಫಿ ಹೌಸ್ ಪಿಳ್ಳೆ' ಎಂದೇ ಹೆಸರಾಗಿ, ಮುಪ್ಪಿನಲ್ಲಿ ಆ ಸಂಸ್ಥೆಯ ಕಥೆಯನ್ನು ಮಲೆಯಾಳದಲ್ಲಿ ಪುಸ್ತಕವಾಗಿಯೂ ಬರೆದರು. ತಾವು ದುಡಿದ ಮನೆಯ ಚರಿತ್ರೆಯನ್ನು ತಾವೇ ಬರೆಯುವ ಭಾಗ್ಯ ಎಷ್ಟು ಜನ ನೌಕರರಿಗಿದೆ!

ನಾನು ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸಿಗೆ ಗೆಳೆಯರೊಡನೆ ಹೋಗುತ್ತಿದ್ದೆ. ಮೂವರಿಗೆ ಎರಡು ಕಾಫಿ. ಹರಟೆ ಎರಡು ಗಂಟೆ. ಪಕ್ಕದ ಹೋಟೆಲುಗಳಲ್ಲಾದರೆ ಲೋಟ ಬರಿದಾದ ಕೂಡಲೇ ಮಾಣಿ ಮೇಜು ಒರೆಸಲು ಬಂದು ನಿಲ್ಲುತ್ತಾನೆ. ಅದರ ಅರ್ಥ ಎಲ್ಲರಿಗೂ ತಿಳಿಯುತ್ತದೆ. ಅಲ್ಲಿ ಹಾಗಿಲ್ಲ. ಕೇಳುವ ತನಕ ಬಿಲ್ಲು ಬರುತ್ತಿರಲಿಲ್ಲ. ಆ ಬೇರರಿಗೆ ಇದು ಔದಾರ್ಯವೋ ಆಲಸ್ಯವೋ ಎಂದು ನಾವು ಆಗ ನಗುತ್ತಿದ್ದೆವು. ಈಗ ಯೋಚಿಸಿದರೆ, ತನ್ನ ಮನೆಗೆ ಬಂದವರನ್ನು ಏಳಿ ಎನ್ನಲಾರದ ಮನೆಯೊಡೆಯನ ಸಂಕೋಚ ಅದಾಗಿತ್ತೇನೋ ಎನ್ನಿಸುತ್ತದೆ. ವ್ಯಾಪಾರದ ದೃಷ್ಟಿಯಿಂದ ಅದು ನಷ್ಟವೇ ಇರಬಹುದು. ಯಜಮಾನನಿಲ್ಲದ ಕಡೆ ಕೆಲಸದ ಅಳತೆಗೋಲೇ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಮೂರನೆಯ ಕಥೆಯ ಆರಂಭ ನಮ್ಮ ಮಂಗಳೂರಿನಲ್ಲಿದೆ. ಬೀಡಿ ಕೆಲಸಗಾರರ ಪಾಡನ್ನು ಸುಧಾರಿಸಲು 1966ರಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿತು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿಗೆ ತರಲು ಹೊರಟಾಗ, ಕಣ್ಣೂರಿನ ಸುತ್ತಮುತ್ತ ಕೆಲಸ ಮಾಡಿಸುತ್ತಿದ್ದ ಮಂಗಳೂರಿನ ಬೀಡಿ ಕಂಪೆನಿಗಳು ಆ ಖರ್ಚು ನಮಗೆ ಬೇಡವೆಂದು ಅಕ್ಟೋಬರಿನಲ್ಲಿ ಬಾಗಿಲು ಹಾಕಿದವು. ಸುಮಾರು 12,000 ಜನ ಬೀದಿಗೆ ಬಿದ್ದರು. ಯಜಮಾನನ ಕಣ್ಣು ಇಲ್ಲಿ ತಾನಾಗಿಯೇ ಹೊರಟುಹೋಯಿತು. ಅದರ ಜೊತೆ ಅನ್ನವೂ ಹೋಯಿತು. ಸರ್ಕಾರದ ನೆರವಿನಿಂದ, 1969ರ ಫೆಬ್ರವರಿ 15ರಂದು, ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕೆಲಸ ಆರಂಭಿಸಿತು. ಮುಂದೆ ಅದು 30,000ಕ್ಕೂ ಹೆಚ್ಚು ಜನರಿಗೆ ಅನ್ನ ಕೊಡುವಷ್ಟು ಬೆಳೆಯಿತು.

ಬೀಡಿ ಕಟ್ಟುವ ಕೊಠಡಿಯ ಚಿತ್ರವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಸಾಲು ಸಾಲಾಗಿ ಕೂತ ಜನ. ಮಡಿಲ ಮೇಲೆ ಮೊರ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತಿ ನೂಲು ಕಟ್ಟುವುದು - ಕೈ ಬಿಡುವಿಲ್ಲದೆ ಓಡುತ್ತಿದೆ, ಕಿವಿ ಮಾತ್ರ ಬಿಡುವಾಗಿದೆ. ಆ ಕಿವಿಗಾಗಿ ಕಣ್ಣೂರಿನ ಬೀಡಿ ಕಟ್ಟುವವರು ಒಂದು ಪದ್ಧತಿಯನ್ನು ಮೊದಲಿನಿಂದಲೂ ಇಟ್ಟುಕೊಂಡಿದ್ದರು. ತಮ್ಮಲ್ಲೊಬ್ಬ ಪತ್ರಿಕೆಯನ್ನೋ ಕಾದಂಬರಿಯನ್ನೋ ಗಟ್ಟಿಯಾಗಿ ಓದಬೇಕು. ಅವನ ಪಾಲಿನ ಬೀಡಿಗಳನ್ನು ಉಳಿದವರು ಕಟ್ಟಿಕೊಟ್ಟು ಅವನ ಕೂಲಿ ಮುಕ್ಕಾಗದಂತೆ ನೋಡಿಕೊಳ್ಳಬೇಕು. ಸಂಘದ ಕೊಠಡಿಗಳಲ್ಲಿ ಆ ಓದು ಮುಂದುವರಿಯಿತು. ಅಲ್ಲಿಯೂ ಮೇಸ್ತ್ರಿಗಳಿದ್ದರು, ಎಣಿಕೆಯಿತ್ತು, ಕಟ್ಟಿದಷ್ಟಕ್ಕೆ ಕೂಲಿಯೆಂಬ ನಿಯಮವೂ ಇತ್ತು. ಹೋದದ್ದು ಯಾವುದು? ಕಂತ್ರಾಟುದಾರ ತನಗೆ ತೋಚಿದಂತೆ 'ಇದು ಕೆಟ್ಟದ್ದು, ಅದು ಕೆಟ್ಟದ್ದು' ಎಂದು ಬೀಡಿಗಳನ್ನು ತಳ್ಳಿಹಾಕಿ ಕೂಲಿ ಮುರಿಯುತ್ತಿದ್ದ ಆ ಹಳೆಯ ಅನ್ಯಾಯ ಹೋಯಿತು. ಬಂದದ್ದು ಯಾವುದು? ರಜೆ, ಭವಿಷ್ಯನಿಧಿ, ಬೋನಸ್ಸು, ಮತ್ತು ಕೇಳಿದರೆ ಲೆಕ್ಕ ಹೇಳಬೇಕಾದ ಸಮಿತಿ.

ಇದೇ ಕೆಲಸವನ್ನು ನಮ್ಮ ದಕ್ಷಿಣ ಕನ್ನಡದ ಸಾವಿರಾರು ಹೆಣ್ಣುಮಕ್ಕಳು ಮನೆಯ ಜಗಲಿಯಲ್ಲಿ ಒಬ್ಬೊಬ್ಬರೇ ಕೂತು ಮಾಡಿಕೊಂಡು ಬಂದಿದ್ದಾರೆ. ಅವರ ಎದುರಿಗೂ ಯಾವ ಮ್ಯಾನೇಜರೂ ನಿಂತಿಲ್ಲ. ಹಾಗೆಂದು ಅವರು ಸ್ವತಂತ್ರರೆಂದು ಹೇಳಲು ಬಂದೀತೆ? ಸಾವಿರಕ್ಕೆ ಇಷ್ಟೆಂಬ ದರವೇ ಅಲ್ಲಿ ಮೇಸ್ತ್ರಿ. ಓದಿ ಹೇಳುವ ದನಿಯಿಲ್ಲ, ಕೇಳುವ ಸಭೆಯಿಲ್ಲ. ಯಜಮಾನ ಕಣ್ಣಿಗೆ ಕಾಣದಿರುವುದು ಬೇರೆ, ಯಜಮಾನನೇ ಇಲ್ಲದಿರುವುದು ಬೇರೆ.

ಕನ್ನಡ ಪಾಠ ಹೇಳುವವನಿಗೆ ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗದಿರುವುದಿಲ್ಲ. 'ಕೆಲಸ'ಕ್ಕೂ 'ಕೂಲಿ'ಗೂ ಮೀರಿದ 'ಕಾಯಕ' ಎಂಬ ಅರ್ಥವನ್ನು ನಮ್ಮ ನುಡಿ ಪಡೆದದ್ದು ಅಲ್ಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳೆಂಬ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನಾವು ಅದನ್ನು ನಿರಾಸೆಯ, ತ್ಯಾಗದ ಕಥೆಯೆಂದು ಬೋಧಿಸುತ್ತೇವೆ, ತಪ್ಪಲ್ಲ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಮಾರಯ್ಯನ ಮೇಲೆ ಅಧಿಕಾರಿಯ ಕಣ್ಣಿರಲಿಲ್ಲ. ಕೇಳಿದವಳು ಅವನ ಜೊತೆಯಲ್ಲಿ ಅದೇ ಒಲೆಯ ಮುಂದೆ ಬಾಳುವವಳು. ಕೇಳುವ ಹಕ್ಕು ಅವಳಿಗೆ ಬಂದದ್ದು ಪದವಿಯಿಂದಲ್ಲ, ಪಾಲಿನಿಂದ.

ನಮ್ಮ ಮೂರು ಸಾಕ್ಷಿಗಳೂ ಕೊನೆಗೆ ಇದನ್ನೇ ಹೇಳುತ್ತವೆ ಎಂದು ನನ್ನ ಭಾವನೆ. ಮೇಲಿನ ಕಣ್ಣು ಹೋದರೆ ಕಣ್ಣೇ ಇಲ್ಲವಾಗುವುದಿಲ್ಲ; ಪಕ್ಕದ ಕಣ್ಣು ತೆರೆಯುತ್ತದೆ. ಅಹಮದಾಬಾದಿನಲ್ಲಿ ತಂಡದ ಜೊತೆಗಾರ, ಕಾಫಿ ಹೌಸಿನಲ್ಲಿ ನಾಳೆ ಮತ ಹಾಕುವ ಅಡಿಗೆಯವನು, ಕಣ್ಣೂರಿನಲ್ಲಿ ಪಕ್ಕದ ಮೊರದವನು. ಆ ಕಣ್ಣಿಗೆ ಬೆಲೆ ಬರಬೇಕಾದರೆ ಎರಡು ಸಂಗತಿ ಇರಬೇಕು. ಒಂದು, ಕೆಲಸ ತುಂಡು ತುಂಡಾಗದೆ ಇಡಿಯಾಗಿ ಕೈಗೆ ಬರಬೇಕು. ಇನ್ನೊಂದು, ಲೆಕ್ಕದ ಪುಸ್ತಕ ಎಲ್ಲರೆದುರು ತೆರೆದಿರಬೇಕು.

ಇಷ್ಟಿದ್ದರೆ ಎಲ್ಲವೂ ನೆಟ್ಟಗಾಗುತ್ತದೆಂದು ಹೇಳುವಷ್ಟು ಹುಂಬತನ ನನಗಿಲ್ಲ. ಒಂದೇ ನಿಯಮ, ಒಂದೇ ರುಮಾಲು. ಆದರೂ ಕೇರಳದಲ್ಲಿ ಐವತ್ತಕ್ಕೂ ಹೆಚ್ಚಾಗಿ ಬೆಳೆದ ಕಾಫಿ ಹೌಸುಗಳು ಬೇರೆ ಎಷ್ಟೋ ಊರುಗಳಲ್ಲಿ ಬಾಡಿಗೆ ತೆರಲು ಹೆಣಗಿವೆ. ಅರ್ಧ ಶತಮಾನದಷ್ಟು ಕಾಲ ಬಾಳಿದ ಮಹಾತ್ಮಾ ಗಾಂಧಿ ರಸ್ತೆಯ ಮನೆ 2009ರ ಏಪ್ರಿಲಿನಲ್ಲಿ ಆ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ದುಡಿಯುವವನ ಹುರುಪು ಕಾಫಿಯನ್ನು ಬಿಸಿಯಾಗಿಡಬಲ್ಲದು, ನಗರದ ನೆಲದ ಬೆಲೆಯನ್ನು ತಡೆಯಲಾರದು. ದಿನೇಶ್ ಬೀಡಿಯ ಗತಿಯೂ ಅಷ್ಟೆ. ಬೀಡಿ ಸೇದುವುದು ಪ್ರಾಣಕ್ಕೆ ಕೇಡೆಂದು ಲೋಕ ತಿಳಿದು ಅದನ್ನು ಬಿಡತೊಡಗಿತು; ಅದು ಒಳ್ಳೆಯದೇ ಆಯಿತು. ಆದರೆ ಸಂಘದ ಜನಕ್ಕೆ ಕೆಲಸ ಕಡಿಮೆಯಾಯಿತು. ಅವರು ಕೈಕಟ್ಟಿ ಕೂರದೆ ಆಹಾರ ಪದಾರ್ಥ, ಕೊಡೆ, ಉಡುಪುಗಳ ತಯಾರಿಕೆಗೆ ಇಳಿದರು. ಯಜಮಾನರು 1968ರಲ್ಲಿ ಬಾಗಿಲು ಹಾಕಿಕೊಂಡು ಹೋದರು. ಇವರಿಗೆ ಹೋಗಲು ಬೇರೆ ಊರಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿಯೂ ನಾನು ಕೊಠಡಿಯ ಬಾಗಿಲಲ್ಲಿ ನಿಲ್ಲುವವನೇ. ಬಿಟ್ಟು ಹೋಗುವ ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ನಿಂತಲ್ಲಿ ಒಂದು ಯೋಚನೆ ಬರುತ್ತದೆ. ಪ್ರಶ್ನೆಪತ್ರಿಕೆ ಯಾರದೋ, ಉತ್ತರ ತಿದ್ದುವವರು ಯಾರೋ, ಅಂಕಪಟ್ಟಿ ಬರುವುದು ಎಲ್ಲಿಂದಲೋ. ಆ ಹುಡುಗರ ಪಾಲಿಗೆ ಬಂದಿರುವುದು ಮೂರು ಗಂಟೆ ಕೂರುವ ಬೆಂಚು ಮಾತ್ರ. ಏನನ್ನೂ ಅವರದಾಗಲು ಬಿಡದೆ, ಕಣ್ಣು ತಪ್ಪಿದರೆ ಕದಿಯುತ್ತಾರೆಂದು ದೂರುವುದು ಎಷ್ಟರಮಟ್ಟಿಗೆ ನ್ಯಾಯ?